ಹಾಡನ್ನು ನಿಧಾನ ಮಾಡಿದರೆ ಯಾಕಿಷ್ಟು ಹಿಡಿಸುತ್ತದೆ?

ಪ್ರಶ್ನೆ: ರೀಲ್ಸ್ ತೆಗೆದರೆ ಸಾಕು, ಹಳೇ ಹಾಡೆಲ್ಲ ಸ್ಲೋಡ್ ರಿವರ್ಬ್ (ನಿಧಾನ ಮಾಡಿ, ಮೇಲೆ ಪ್ರತಿಧ್ವನಿ ಸೇರಿಸಿದ್ದು) ಆಗಿ ಬರುತ್ತಿವೆ. ನಿನ್ನೆ ರಾತ್ರಿ ಬಸ್ಸಲ್ಲಿ ಕಿಟಕಿಗೆ ತಲೆ ಒರಗಿಸಿ ಒಂದನ್ನು ಕೇಳಿದೆ, ನೂರು ಸಲ ಕೇಳಿದ ಹಾಡೇ, ಆದರೂ ಕಣ್ಣು ತುಂಬಿತು. ಯಾಕೆ ಹೀಗೆ?

ಉತ್ತರ 1: ಹೀಗೆ ವೇಗ ಇಳಿಸಿದರೆ ಸಾಮಾನ್ಯವಾಗಿ ಶ್ರುತಿಯೂ ಇಳಿಯುತ್ತದೆ. ವೇಗವನ್ನು ಮೂಲದ 0.8 ಪಟ್ಟಿಗೆ ಇಟ್ಟರೆ 4 ನಿಮಿಷದ ಹಾಡು 5 ನಿಮಿಷ ಆಗುತ್ತದೆ, ದನಿ ಹಾರ್ಮೋನಿಯಂನ ಲೆಕ್ಕದಲ್ಲಿ ಸುಮಾರು ನಾಲ್ಕು ಮನೆ (ಕಪ್ಪು-ಬಿಳಿ ಎಲ್ಲ ಸೇರಿ) ಕೆಳಗೆ ಹೋಗಿ ಭಾರವಾಗುತ್ತದೆ. ಮೇಲೆ ರಿವರ್ಬ್ ಹಾಕಿದರೆ ಖಾಲಿ ಕಲ್ಯಾಣ ಮಂಟಪದಲ್ಲಿ ಯಾರೋ ಒಬ್ಬರೇ ಹಾಡಿದ ಹಾಗೆ.

ಉತ್ತರ 2: ಹೊಸದೇನಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಿಜೆ ಸ್ಕ್ರೂ ಎಂಬುವರು 1990ರ ದಶಕದಲ್ಲೇ ರಾಪ್ ಹಾಡು ನಿಧಾನ ಮಾಡಿ ಕ್ಯಾಸೆಟ್ ಮಾರುತ್ತಿದ್ದರು. ಅವರನ್ನೂ ನೆನೆಯಬೇಕು ಅಲ್ವಾ?

ಉತ್ತರ 3: ನನಗೆ ಬೇಜಾರು ಜಾಸ್ತಿ. ತಬಲಾ ಪೆಟ್ಟು ಕಲಸಿಹೋಗುತ್ತದೆ, ಹಾಡಿದವರ ಹೆಸರೂ ಎಷ್ಟೋ ಸಲ ಇರುವುದಿಲ್ಲ. ದಯವಿಟ್ಟು ಮೂಲ ಹಾಡನ್ನೂ ಕೇಳಿ.