ಥೈರಾಯ್ಡ್ ಇದ್ದವ್ರು ಕೋಬಿ (ಎಲೆಕೋಸು) ತಿನ್ನಬಹುದಾ?

ಬಾಗಲಕೋಟಿ ಹುಡುಗಿ: ಬ್ರೊಕೊಲಿ, ಕೋಬಿ ತಿಂದ್ರ ಕ್ಯಾನ್ಸರ್ ಬರೂದಿಲ್ಲ ಅಂತ ವಾಟ್ಸಾಪ್‌ನ್ಯಾಗ ಬಂದೈತಿ, ಇತ್ಲಾಗ ಅವ್ವಗ ಥೈರಾಯ್ಡ್ ಅಂತ ಆಕಿ ಕೋಬಿ ಮುಟ್ಟೂದ ಬಿಟ್ಟಾಳ, ಯಾವ್ದು ಖರೆ ರೀ?

ರೊಟ್ಟಿ ಮಾಸ್ತರ್: ಬ್ರೊಕೊಲಿ, ಕೋಬಿ ಹೆಚ್ಚಿದಾಗ ಅದರಾಗಿನ ಗ್ಲುಕೋಸಿನೊಲೇಟ್ ಅನ್ನೂ ಗಂಧಕದ ವಸ್ತುಕ್ಕ ಮೈರೋಸಿನೇಸ್ ಕಿಣ್ವ ತಾಗಿ ಸಲ್ಫೊರಾಫೇನ್ ಅನ್ನೂ ವಸ್ತು ಆಗತೈತಿ, 1992ರಾಗ ಅಮೇರಿಕಾದ ವಿಜ್ಞಾನಿ ಪಾಲ್ ತಲಾಲೆ ತಂಡ ಬ್ರೊಕೊಲಿಯಿಂದ ತಗದಿದ್ದು ಇದನ್ನ. ಕ್ಯಾನ್ಸರ್ ತಡಿಯೂದರಾಗ ಲ್ಯಾಬ್‌ನ್ಯಾಗ ಇದರ ರಿಸಲ್ಟ್ ಛಲೋ ಐತಿ, ಹಂಗಂತ ಕ್ಯಾನ್ಸರ್ ಬರೂದ ಇಲ್ಲ ಅನ್ನೂದು ಸುಳ್ಳ.

ಬೆಳಗಾವಿ ಅಕ್ಕ: ಭಾಳ ಕುದಿಸಿದ್ರ ಆ ಕಿಣ್ವ ಕೆಡತೈತಿ. ಹೆಚ್ಚಿ ಅರ್ಧ ತಾಸು ಬಿಟ್ಟು ಒಗ್ಗರಣಿ ಹಾಕ್ರಿ, ಇಲ್ಲಾ ಬೆಂದ ಮ್ಯಾಲ ಚೂರು ಹಸಿ ಸಾಸವಿ ಪುಡಿ ಉದುರಿಸ್ರಿ, ಅದರಾಗೂ ಆ ಕಿಣ್ವ ಇರತೈತಿ. ರೊಟ್ಟಿ ಜೋಡಿ ಮೂಲಂಗಿ ಕಡೀತೀವಲ್ಲ, ಅದೂ ಇದ ಬಳಗ, ತುಟ್ಟಿ ಬ್ರೊಕೊಲಿನ ಬೇಕಂತಿಲ್ಲ!

ರೊಟ್ಟಿ ಮಾಸ್ತರ್: ಅವ್ವ ಕೋಬಿ ಬಿಡೂದು ಬೇಕಿಲ್ಲ, ಬೇಯಿಸಿ ಕೊಡ್ರಿ, ಅಯೋಡಿನ್ ಉಪ್ಪು ಇರ್ಲಿ, ಗುಳಿಗಿ ಬಿಡೂದು ಬ್ಯಾಡ. ದಿನಾ ಹಸಿ ಜ್ಯೂಸ್ ಮಾತ್ರ ಕುಡಿಸಬ್ಯಾಡ್ರಿ.