ಮ್ಯೂನಿಕ್‌ನಲ್ಲಿ ಎರಡು ವರ್ಷದ ಓದು: ಹಂಚಿಕೊಂಡ ಮನೆಯಲ್ಲಿ ಕೋಣೆ ಹಿಡಿಯುವಾಗ ಮೊದಲು ಏನನ್ನು ನೋಡಬೇಕು?

ಪ್ರಶ್ನೆ (ಧಾರವಾಡದಿಂದ ಒಬ್ಬ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಗೆ ನನಗೆ ಪ್ರವೇಶ ದೊರೆತಿದ್ದು, ಅಕ್ಟೋಬರ್‌ನಿಂದ ತರಗತಿಗಳು ಗಾರ್ಶಿಂಗ್ ಆವರಣದಲ್ಲಿ ನಡೆಯಲಿವೆ. ವೀಸಾಕ್ಕಾಗಿ ತೆರೆದ ಬ್ಲಾಕ್ಡ್ ಅಕೌಂಟಿನಿಂದ, ಅಂದರೆ ಮೊದಲೇ ಹಣ ಇಟ್ಟು ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆಯಿಂದ, ತಿಂಗಳಿಗೆ ಕೈಗೆ ಬರುವುದು 992 ಯೂರೋ ಮಾತ್ರ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರಿಗೆ ಈ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಬೋಧನಾ ಶುಲ್ಕ ವಿಧಿಸುತ್ತಿರುವುದರಿಂದ ಅದಕ್ಕೆ ಮಾಡಿದ ಶಿಕ್ಷಣ ಸಾಲ ಬೇರೆ ಇದೆ. ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿದ್ದೇನೆ, ಆದರೆ ಸರದಿ ಯಾವಾಗ ಬರುತ್ತದೆಂದು ಹೇಳಲಾಗದು ಎಂಬ ಉತ್ತರ ಬಂದಿದೆ.

ಸದ್ಯ ಮೂರು ದಾರಿಗಳು ಕಾಣುತ್ತಿವೆ. ಮೊದಲನೆಯದು, ಎಲ್ಲ ಸೇರಿ 520 ಯೂರೋಗೆ ಸಿಗುವ ಒಂದು ಕೋಣೆ. ಆದರೆ ಆ ವಿಳಾಸದಲ್ಲಿ ನನ್ನ ಹೆಸರನ್ನು ನಗರಾಡಳಿತದಲ್ಲಿ ನೋಂದಾಯಿಸುವಂತಿಲ್ಲ ಎಂದು ಕೊಡುವವರು ಮೊದಲೇ ಹೇಳಿದ್ದಾರೆ. ಎರಡನೆಯದು, ಫ್ರೈಮಾನ್ ಬಳಿ ಇಬ್ಬರು ಜರ್ಮನ್ ಯುವತಿಯರು ವಾಸವಿರುವ ಮನೆಯಲ್ಲಿ 640 ಯೂರೋಗೆ ಮೂರನೆಯ ಕೋಣೆ. ಅವರು ವಿಡಿಯೋ ಕರೆಯಲ್ಲಿ ಮಾತನಾಡಿ ಆಮೇಲೆ ನಿರ್ಧರಿಸುತ್ತಾರಂತೆ. ಮೂರನೆಯದು, ನನ್ನಂತೆಯೇ ಹೋಗುತ್ತಿರುವ ಬೆಂಗಳೂರು ಮತ್ತು ಹೈದರಾಬಾದಿನ ಮೂವರೊಂದಿಗೆ ಸೇರಿ ಒಂದು ಇಡೀ ಮನೆಯನ್ನೇ ಬಾಡಿಗೆಗೆ ಹಿಡಿಯುವುದು. ಮನೆಯವರಿಗೆ ಮೂರನೆಯದೇ ಸರಿ ಎನ್ನಿಸಿದೆ, ನನಗೆ ಮೊದಲನೆಯದರ ಅಗ್ಗದ ಬಾಡಿಗೆಯ ಮೇಲೆ ಕಣ್ಣಿದೆ. ನಾನು ಸಸ್ಯಾಹಾರಿ, ಜರ್ಮನ್ ಭಾಷೆ ಅಷ್ಟಕ್ಕಷ್ಟೇ. ಅಲ್ಲಿ ಬಾಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಮ್ಯೂನಿಕ್‌ನಲ್ಲಿ ನೆಲೆಸಿರುವವರು)

ಮೊದಲನೆಯದನ್ನು ಈಗಲೇ ಕೈಬಿಡಿ. 520 ಯೂರೋ ಅಗ್ಗವಾಗಿ ಕಾಣುತ್ತದೆ, ಆದರೆ ಜರ್ಮನಿಯಲ್ಲಿ ಬದುಕು ಶುರುವಾಗುವುದೇ ವಿಳಾಸದ ನೋಂದಣಿಯಿಂದ, ಅಂದರೆ ಆನ್‌ಮೆಲ್ಡುಂಗ್‌ನಿಂದ. ಮನೆಗೆ ಹೋದ ಎರಡು ವಾರಗಳೊಳಗೆ ಅದನ್ನು ಮಾಡಿಸಬೇಕೆಂದು ಕಾನೂನೇ ಹೇಳುತ್ತದೆ, ಅದಕ್ಕೆ ಮನೆ ಕೊಟ್ಟವರು ಬರೆದುಕೊಡುವ ದೃಢೀಕರಣ ಪತ್ರ ಬೇಕು. ನೋಂದಣಿ ಆದ ಮೇಲೆ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಅದಿಲ್ಲದೆ ಅರೆಕಾಲಿಕ ಕೆಲಸದ ಸಂಬಳ ಸರಿಯಾದ ತೆರಿಗೆ ವರ್ಗದಲ್ಲಿ ಸಿಗುವುದಿಲ್ಲ, ಕೆಲವು ಬ್ಯಾಂಕುಗಳು ಖಾತೆ ತೆರೆಯಲು ಹಿಂದೆಮುಂದೆ ನೋಡುತ್ತವೆ, ಎಲ್ಲಕ್ಕಿಂತ ಮುಖ್ಯವಾಗಿ ವೀಸಾದ ಅವಧಿ ಮುಗಿಯುವ ಮುನ್ನ ನಿವಾಸ ಪರವಾನಗಿಗೆ ಅರ್ಜಿ ಹಾಕುವಾಗ ನೋಂದಾಯಿತ ವಿಳಾಸವನ್ನು ಕೇಳುತ್ತಾರೆ. ನಿಮ್ಮಂಥ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯುವ ಅವಕಾಶವಿದೆ. ಆರೋಗ್ಯ ವಿಮೆಗೇ ತಿಂಗಳಿಗೆ ಸುಮಾರು 150 ಯೂರೋ ಹೋಗುವ ಊರಿನಲ್ಲಿ ಆ ಗಳಿಕೆಯನ್ನು ತಡಮಾಡಿಕೊಂಡು ಬಾಡಿಗೆಯಲ್ಲಿ 120 ಯೂರೋ ಉಳಿಸುವುದು ಲೆಕ್ಕಕ್ಕೆ ಬರುವ ಉಳಿತಾಯವಲ್ಲ.

ಹಾಗೆಂದು ಬೇರೆ ಯಾರದೋ ವಿಳಾಸವನ್ನು ನೋಂದಣಿಗಷ್ಟೇ ದುಡ್ಡು ಕೊಟ್ಟು ಪಡೆಯಲು ಹೋಗಬೇಡಿ. ವಾಸವಿಲ್ಲದವರಿಗೆ ವಿಳಾಸ ಒದಗಿಸುವವರಿಗೆ 50,000 ಯೂರೋವರೆಗೂ ದಂಡ ವಿಧಿಸಲು ಅವಕಾಶವಿದೆ, ಅಂಥ ನೋಂದಣಿ ಮಾಡಿಸಿಕೊಂಡವರಿಗೂ ಅದು ಒಳ್ಳೆಯ ದಾಖಲೆಯಾಗಿ ಉಳಿಯುವುದಿಲ್ಲ.

ನೋಂದಣಿ ಬೇಡವೆನ್ನುವ ಮನೆಗಳ ಹಿಂದೆ ಸಾಮಾನ್ಯವಾಗಿ ಒಂದೇ ಕಾರಣವಿರುತ್ತದೆ. ಅಲ್ಲಿ ವಾಸವಿರುವವರು ಮನೆಯ ಮಾಲೀಕರ ಅನುಮತಿಯಿಲ್ಲದೆ ಒಳಬಾಡಿಗೆಗೆ ಕೊಡುತ್ತಿರುತ್ತಾರೆ, ಮಾಲೀಕರಿಗೆ ಅದು ಗೊತ್ತಾದರೆ ಅವರ ಮೂಲ ಒಪ್ಪಂದವೇ ರದ್ದಾಗಬಹುದು. ಮೂಲ ಒಪ್ಪಂದ ಹೋದರೆ ಒಳಬಾಡಿಗೆಯವರೂ ಮನೆ ಬಿಡಬೇಕಾಗುತ್ತದೆ, ಅವರು ತಿಂಗಳು ತಿಂಗಳು ಬಾಡಿಗೆ ಕಟ್ಟಿದ್ದರೂ ಅಷ್ಟೇ. ಆದ್ದರಿಂದ ಎರಡನೆಯ ಮನೆಯ ವಿಷಯದಲ್ಲಿಯೂ ನೀವು ಮೊದಲು ಕೇಳಬೇಕಾದದ್ದು ಕೋಣೆಯ ಅಳತೆಯನ್ನಲ್ಲ, ಕಾಗದದಲ್ಲಿ ಯಾರ ಹೆಸರಿದೆ ಎಂಬುದನ್ನು. ಆ ಇಬ್ಬರಲ್ಲಿ ಒಬ್ಬರು ಮುಖ್ಯ ಬಾಡಿಗೆದಾರರಾಗಿದ್ದು ನೀವು ಅವರಿಂದ ಒಳಬಾಡಿಗೆಗೆ ಹಿಡಿಯುವುದೇ, ಅಥವಾ ಮಾಲೀಕರೊಂದಿಗೇ ನೇರ ಒಪ್ಪಂದವೇ? ಒಳಬಾಡಿಗೆಯಾದರೆ ಮಾಲೀಕರ ಒಪ್ಪಿಗೆಯ ಪತ್ರವನ್ನು ನೋಡಲು ಕೇಳಿ. ಕೇಳಿದ್ದಕ್ಕೆ ಅಲ್ಲಿ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ, ಕೇಳದೇ ಇದ್ದರೇ ಆಶ್ಚರ್ಯಪಡುತ್ತಾರೆ.

ಠೇವಣಿಯ ವಿಷಯ ನಮ್ಮವರಿಗೆ ನಿರಾಳವಾಗಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳುವುದನ್ನು ಕಂಡವರಿಗೆ ಜರ್ಮನಿಯ ಮಿತಿ ಹಗುರವೆನ್ನಿಸುತ್ತದೆ: ಮನೆ ಬೆಚ್ಚಗಿಡುವ ಖರ್ಚು, ನೀರು ಇತ್ಯಾದಿ ಸೇರದ ಬರಿಯ ಬಾಡಿಗೆಯ, ಅಂದರೆ ಕಾಲ್ಟ್‌ಮೀಟೆಯ, ಮೂರು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಸಮ ಕಂತುಗಳಲ್ಲಿ ತೆರುವ ಹಕ್ಕು ಬಾಡಿಗೆದಾರರಿಗೆ ಇದೆ, ಮೊದಲ ಕಂತು ಬಾಡಿಗೆ ಆರಂಭವಾದಾಗ ಕೊಟ್ಟರೆ ಸಾಕು. ಕೋಣೆಯನ್ನು ತೋರಿಸದೆ, "ನಾನು ಬೇರೆ ದೇಶದಲ್ಲಿದ್ದೇನೆ, ಹಣ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ" ಎನ್ನುವವರಿಗೆ ಉತ್ತರವನ್ನೂ ಬರೆಯಬೇಡಿ.

ಉತ್ತರ (ಫ್ರಾಂಕ್‌ಫರ್ಟ್‌ನಿಂದ)

ಮೇಲಿನವರ ಮಾತಿಗೆ ನನ್ನ ತಕರಾರಿಲ್ಲ, ಆದರೆ ಮೂರನೆಯ ದಾರಿಯ ಬಗ್ಗೆ ಅವರು ಏನೂ ಹೇಳಲಿಲ್ಲ. ನಿಮ್ಮ ಮನೆಯವರು ಅದನ್ನು ಬಯಸುವುದು ಸಹಜ. ನಮ್ಮ ಊಟ, ನಮ್ಮ ಮಾತು, ಕಾಯಿಲೆ ಬಿದ್ದರೆ ಗಂಜಿ ಬೇಯಿಸಿ ಕೊಡುವವರು ಪಕ್ಕದ ಕೋಣೆಯಲ್ಲಿಯೇ ಇರುತ್ತಾರೆ. ನಾನೂ ಮೊದಲ ವರ್ಷ ಹಾಗೆಯೇ ಇದ್ದವನು, ಅದು ಕೆಟ್ಟ ಏರ್ಪಾಡೆಂದು ಹೇಳಲಾರೆ. ಆದರೂ ಸಹಿ ಹಾಕುವ ಮುನ್ನ ಎರಡು ಸಂಗತಿಗಳನ್ನು ತಿಳಿದಿರಬೇಕು.

ನಾಲ್ವರೂ ಒಂದೇ ಒಪ್ಪಂದಕ್ಕೆ ಸಹಿ ಹಾಕಿದರೆ ಪ್ರತಿಯೊಬ್ಬರೂ ಇಡೀ ಬಾಡಿಗೆಗೆ ಹೊಣೆಯಾಗುತ್ತಾರೆ. ನಿಮ್ಮ ಪಾಲು ನಾಲ್ಕರಲ್ಲಿ ಒಂದು ಎಂಬುದು ನಿಮ್ಮೊಳಗಿನ ಮಾತಷ್ಟೇ, ಮಾಲೀಕರು ಯಾರೊಬ್ಬರಿಂದಲಾದರೂ ಪೂರ್ತಿ ಮೊತ್ತವನ್ನು ಕೇಳಬಹುದು. ಅಷ್ಟೇ ಅಲ್ಲದೆ ಒಬ್ಬರು ಮಾತ್ರ ಒಪ್ಪಂದದಿಂದ ಹೊರಬರಲು ಆಗುವುದಿಲ್ಲ; ಒಪ್ಪಂದವನ್ನು ಕೊನೆಗೊಳಿಸುವುದಾದರೆ ನಾಲ್ವರೂ ಸೇರಿಯೇ ಕೊನೆಗೊಳಿಸಬೇಕು, ಇಲ್ಲವೇ ಬಿಡುವವರ ಬದಲಿಗೆ ಇನ್ನೊಬ್ಬರನ್ನು ಸೇರಿಸಲು ಮಾಲೀಕರು ಒಪ್ಪಬೇಕು. ಒಂದು ವರ್ಷದ ಬಳಿಕ ಒಬ್ಬಳಿಗೆ ಸ್ಟುಟ್‌ಗಾರ್ಟ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು, ಇನ್ನೊಬ್ಬಳು ಊರಿಗೆ ಹಿಂದಿರುಗಿದಳು ಎಂದಾದಾಗ ಉಳಿದಿಬ್ಬರ ಕೊರಳಿಗೆ ಬೀಳುವ ಭಾರವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗೆಳೆತನ ಎಷ್ಟೇ ಗಟ್ಟಿಯಾಗಿದ್ದರೂ, ಬಿಡುವವರು ಎಷ್ಟು ತಿಂಗಳು ಮೊದಲೇ ತಿಳಿಸಬೇಕು, ಬದಲಿಯನ್ನು ಯಾರು ಹುಡುಕಬೇಕು ಎಂಬುದನ್ನು ನಿಮ್ಮೊಳಗೆ ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಸಂಗತಿ ಹೊಸಬರಿಗೆ ನಂಬಲಾಗುವುದಿಲ್ಲ: ಜರ್ಮನಿಯಲ್ಲಿ ಬಾಡಿಗೆಗೆ ಕೊಡುವ ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ನೀರಿನ ಕೊಳವೆ, ವಿದ್ಯುತ್ ಸಂಪರ್ಕ ಬಿಟ್ಟರೆ ಒಲೆ, ತೊಟ್ಟಿ, ಕಪಾಟು ಯಾವುದೂ ಇಲ್ಲ, ಛಾವಣಿಯಲ್ಲಿ ದೀಪದ ಬದಲು ತಂತಿ ನೇತಾಡುತ್ತಿರುತ್ತದೆ. ಹಳೆಯ ಬಾಡಿಗೆದಾರರ ಅಡುಗೆ ಸಾಮಾನನ್ನು ಹಣ ಕೊಟ್ಟು ಕೊಳ್ಳಬೇಕು, ಇಲ್ಲವೇ ಹೊಸದಾಗಿ ಕೂಡಿಸಬೇಕು. ವಿದ್ಯುತ್ತಿಗೂ ಇಂಟರ್‌ನೆಟ್ಟಿಗೂ ನೀವೇ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ಜೊತೆಗೆ, ಮಾಲೀಕರು ಕೇಳುವ ಷೂಫಾ ಎಂಬ ಸಾಲಯೋಗ್ಯತೆಯ ದಾಖಲೆ ಈಗಷ್ಟೇ ವಿಮಾನದಿಂದ ಇಳಿದವರ ಬಳಿ ಇರುವುದಿಲ್ಲ, ಸಂಬಳದ ಚೀಟಿಯೂ ಇರುವುದಿಲ್ಲ. ಹಾಗಾಗಿ ನಾಲ್ವರು ಹೊಸಬರು ಮ್ಯೂನಿಕ್‌ನಂಥ ಊರಿನಲ್ಲಿ ಇಡೀ ಮನೆ ಹಿಡಿಯುವುದು ಆಗದ ಮಾತಲ್ಲದಿದ್ದರೂ ಅಕ್ಟೋಬರ್‌ಗೆ ಮೊದಲು ಆಗುತ್ತದೆಂದು ನಂಬಿ ಕೂರಬೇಡಿ. ಮೊದಲ ವರ್ಷ ಬೇರೆ ಬೇರೆ ಇದ್ದು, ಒಬ್ಬರನ್ನೊಬ್ಬರು ಅರಿತ ಮೇಲೆ ಎರಡನೆಯ ವರ್ಷ ಒಟ್ಟಾಗುವುದು ನನ್ನ ಸಲಹೆ.

ಉತ್ತರ (ಗಾರ್ಶಿಂಗ್‌ನಲ್ಲಿ ಓದು ಮುಗಿಸಿದವರು)

ಎರಡನೆಯ ಮನೆಯನ್ನೇ ಆರಿಸಿ. ಫ್ರೈಮಾನ್‌ನಿಂದ ಯು6 ಸುರಂಗ ರೈಲು ಬದಲಿಸದೆಯೇ ನೇರವಾಗಿ ಗಾರ್ಶಿಂಗ್ ಆವರಣಕ್ಕೆ ಒಯ್ಯುತ್ತದೆ, ಮ್ಯೂನಿಕ್‌ನಲ್ಲಿ ಏಳೆಂಟು ನೂರು ಯೂರೋ ಸಾಮಾನ್ಯವಾಗಿರುವಾಗ 640 ಕಡಿಮೆಯೇ. ಆದರೆ ಆ ವಿಡಿಯೋ ಕರೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಂಚಿಕೊಂಡ ಮನೆಗಳನ್ನು ಅಲ್ಲಿ ವೇಗೇ ಎನ್ನುತ್ತಾರೆ, ಒಂದು ಕೋಣೆಗೆ ನೂರಾರು ಜನ ಬರೆಯುವುದರಿಂದ ಅವರು ನಿಮ್ಮ ಅಂಕಪಟ್ಟಿಯನ್ನು ನೋಡುವುದಿಲ್ಲ, ಬೆಳಗಿನ ಕಾಫಿಯ ಹೊತ್ತಿಗೆ ನಿಮ್ಮ ಮುಖ ನೋಡಲು ಆದೀತೇ ಎಂದು ಅಳೆಯುತ್ತಾರೆ. ಕೆಲವು ಮನೆಗಳು ಒಟ್ಟಿಗೆ ಅಡುಗೆ, ಒಟ್ಟಿಗೆ ಚಾರಣ ಎನ್ನುವಂಥವು. ಇನ್ನು ಕೆಲವು ಬಾಡಿಗೆ ಹಂಚಿಕೊಳ್ಳುವುದಕ್ಕಷ್ಟೇ ಇರುವಂಥವು. ಅವರದು ಯಾವ ಬಗೆ ಎಂದು ನೇರವಾಗಿ ಕೇಳಿ, ನಿಮಗೆ ಬೇಕಾದದ್ದನ್ನೂ ನೇರವಾಗಿ ಹೇಳಿ. ಎಲ್ಲದಕ್ಕೂ ಹೂಂಗುಟ್ಟುವ ನಮ್ಮ ವಿನಯ ಅಲ್ಲಿ ಉತ್ಸಾಹವಿಲ್ಲವೆಂದು ತೋರುವ ಸಾಧ್ಯತೆಯೇ ಹೆಚ್ಚು.

ಸಸ್ಯಾಹಾರದ ಬಗ್ಗೆ ಚಿಂತೆ ಬೇಡ, ಅಲ್ಲಿನ ವಿದ್ಯಾರ್ಥಿಗಳಲ್ಲಿ ಅನೇಕರು ಮಾಂಸ ತಿನ್ನುವುದಿಲ್ಲ. ನಿಮಗೆ ಪ್ರತ್ಯೇಕ ಬಾಣಲೆ, ಫ್ರಿಜ್ಜಿನಲ್ಲಿ ಒಂದು ಅರೆ ಬೇಕೆಂದರೆ ಕೊಡುತ್ತಾರೆ. ತೊಂದರೆ ಬರುವುದು ಒಗ್ಗರಣೆಯಿಂದ. ಸಾಸಿವೆ, ಒಣಮೆಣಸಿನಕಾಯಿ ಸಿಡಿದ ಘಾಟು ಮುಚ್ಚಿದ ಕಿಟಕಿಗಳ ಮನೆಯಲ್ಲಿ ದಿನಗಟ್ಟಲೆ ಕೂರುತ್ತದೆ, ಕೋಣೆಗಳಲ್ಲಿ ಕಡ್ಡಾಯವಾಗಿ ಅಳವಡಿಸಿರುವ ಹೊಗೆ ಎಚ್ಚರಿಕೆಯ ಗಂಟೆ ಕಿರುಚಿದರೂ ಕಿರುಚಿತು. ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿಯನ್ನು ಪೂರ್ತಿ ತೆರೆದು ಒಗ್ಗರಣೆ ಹಾಕುವ ಅಭ್ಯಾಸವಾದರೆ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಲ್ಲ. ಚಳಿಗಾಲದಲ್ಲಿಯೂ ದಿನಕ್ಕೆ ಕೆಲವು ಬಾರಿ ಐದು ಹತ್ತು ನಿಮಿಷ ಕಿಟಕಿಗಳನ್ನು ಹಾರುಹೊಡೆದು ಗಾಳಿಯಾಡಿಸಬೇಕು. ಅನ್ನ ಬೇಯಿಸಿದ ಹಬೆ, ಒಳಗೇ ಒಣಗಿಸಿದ ಬಟ್ಟೆಯ ತೇವ ಗೋಡೆಗೆ ಬೂಷ್ಟು ಹಿಡಿಸಿದರೆ ಮನೆ ಬಿಡುವಾಗ ಠೇವಣಿಯಿಂದ ಕಡಿತವಾಗುತ್ತದೆ.

ಶುಚಿ ಮಾಡುವ ಸರದಿಯ ಪಟ್ಟಿ ಗೋಡೆಯ ಮೇಲಿರುತ್ತದೆ. ಅದನ್ನು ತಪ್ಪಿಸಿದವರನ್ನು ಯಾರೂ ಬೈಯುವುದಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ರಾತ್ರಿ ಹತ್ತರ ನಂತರ ಹಾಗೂ ಭಾನುವಾರ ಇಡೀ ದಿನ ಮಿಕ್ಸಿ ತಿರುವದಿರಿ. ದೋಸೆಯ ಹಿಟ್ಟನ್ನು ಶನಿವಾರ ಹಗಲಿನಲ್ಲೇ ರುಬ್ಬಿಟ್ಟುಕೊಳ್ಳಬಹುದು, ಹುದುಗು ಬರಲು ಆ ಚಳಿಯಲ್ಲಿ ಹೇಗೂ ಒಂದು ದಿನ ಬೇಕು.

ಉತ್ತರ (ಮತ್ತೊಬ್ಬರು, ಮ್ಯೂನಿಕ್)

ಯಾರೂ ಹೇಳದ ಇನ್ನೊಂದು ದಾರಿಯಿದೆ. ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಹಿರಿಯರು ವಿದ್ಯಾರ್ಥಿಗಳಿಗೆ ಕೋಣೆ ಕೊಟ್ಟು, ಬಾಡಿಗೆಯ ಬದಲು ತೋಟದ ಕೆಲಸ, ಅಂಗಡಿಗೆ ಹೋಗಿ ಬರುವುದು ಮುಂತಾದ ನೆರವು ಪಡೆಯುವ 'ವೋನೆನ್ ಫ್ಯೂರ್ ಹಿಲ್ಫೆ' ಯೋಜನೆ ಮ್ಯೂನಿಕ್, ಕಲೋನ್, ಫ್ರೈಬುರ್ಗ್ ಮೊದಲಾದ ಊರುಗಳಲ್ಲಿದೆ. ಕೋಣೆಯ ಒಂದು ಚದರ ಮೀಟರಿಗೆ ತಿಂಗಳಿಗೆ ಒಂದು ಗಂಟೆಯ ಕೆಲಸ ಎಂಬುದು ಅದರ ಲೆಕ್ಕ, ಅಂದರೆ ಹದಿನೈದು ಚದರ ಮೀಟರಿನ ಕೋಣೆಗೆ ಹದಿನೈದು ಗಂಟೆ; ವಿದ್ಯುತ್ತು, ನೀರು, ಮನೆ ಬೆಚ್ಚಗಿಡುವ ಖರ್ಚನ್ನು ಬೇರೆಯಾಗಿ ಕೊಡಬೇಕು. ರೋಗಿಯ ಶುಶ್ರೂಷೆ ಅದರಲ್ಲಿ ಸೇರುವುದಿಲ್ಲ. ಜರ್ಮನ್ ಸ್ವಲ್ಪವಾದರೂ ಬರಬೇಕಾದ್ದರಿಂದ ನಿಮಗೆ ಮೊದಲ ಸೆಮಿಸ್ಟರ್‌ಗೆ ಕಷ್ಟವಾದೀತು, ಆದರೆ ಮಾತು ಕಲಿಯಲು ಇದಕ್ಕಿಂತ ಒಳ್ಳೆಯ ಮನೆ ಸಿಗಲಾರದು.

ವಿದ್ಯಾರ್ಥಿ ನಿಲಯದ ಅರ್ಜಿಯನ್ನು ಮಾತ್ರ ಜೀವಂತವಾಗಿಡಿ. ಫ್ರೈಮಾನ್‌ನ ದೊಡ್ಡ ವಿದ್ಯಾರ್ಥಿ ನಗರಿಯಲ್ಲಿ 2021ರ ಬೆಂಕಿ ಅವಘಡದ ನಂತರ ಹಲವು ಕಟ್ಟಡಗಳು ಖಾಲಿಯಾಗಿ ಸರದಿ ಇನ್ನಷ್ಟು ಉದ್ದವಾಯಿತು, ಆದರೂ ಎರಡನೆಯ ವರ್ಷಕ್ಕೆ ಸಿಕ್ಕವರಿದ್ದಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಮನೆಯವರೊಂದಿಗೆ ಮಾತಾಯಿತು, ಕೋಣೆ ಕೊಡಲು ಒಪ್ಪಿದ್ದಾರೆ. ಇಬ್ಬರಲ್ಲಿ ಒಬ್ಬರು ಮುಖ್ಯ ಬಾಡಿಗೆದಾರರು, ಮಾಲೀಕರ ಒಪ್ಪಿಗೆ ಪತ್ರವನ್ನೂ ತೋರಿಸಿದರು. ಕೋಣೆಗೆ ಮಂಚ, ಮೇಜು, ಕಪಾಟು ಎಲ್ಲವೂ ಅವರದೇ. ಒಪ್ಪಂದದಲ್ಲಿ ಅವಧಿಯನ್ನು ನಮೂದಿಸಿಲ್ಲ. ಇದರಿಂದ ನನಗೇನಾದರೂ ತೊಂದರೆಯಿದೆಯೇ? ರೇಡಿಯೋ ಶುಲ್ಕವೆಂದು ಇನ್ನೊಂದು ಮೊತ್ತವನ್ನೂ ಬರೆದಿದ್ದಾರೆ. ನನ್ನ ಬಳಿ ರೇಡಿಯೋ ಇಲ್ಲ.

ಉತ್ತರ (ಮೊದಲ ಉತ್ತರ ಬರೆದವರು)

ಅವಧಿ ನಮೂದಿಸದಿರುವುದು ನಿಮಗೆ ಒಳ್ಳೆಯದೇ. ನಿಗದಿತ ಅವಧಿಯ ಒಪ್ಪಂದವಾದರೆ ಅದು ಮುಗಿಯುವವರೆಗೆ ಸಾಮಾನ್ಯವಾಗಿ ಬಿಡಲು ಬರುವುದಿಲ್ಲ. ಆದರೆ ಮುಖ್ಯ ಬಾಡಿಗೆದಾರರು ತಾವು ವಾಸಿಸುವ ಮನೆಯಲ್ಲೇ ಪೀಠೋಪಕರಣ ಸಮೇತ ಕೊಡುವ ಕೋಣೆಗೆ ಕಾನೂನಿನ ರಕ್ಷಣೆ ಕಡಿಮೆ. ತಿಂಗಳ 15ನೇ ತಾರೀಖಿನೊಳಗೆ ತಿಳಿಸಿ ಅದೇ ತಿಂಗಳ ಕೊನೆಗೆ ಬಿಡಿಸಲು ಅವಕಾಶವಿದೆ. ಸಾಮಾನ್ಯ ಬಾಡಿಗೆಯಲ್ಲಿ ಬಾಡಿಗೆದಾರರು ಕೊಡಬೇಕಾದ ಮುನ್ಸೂಚನೆ ಮೂರು ತಿಂಗಳು. ಆದ್ದರಿಂದ ಇಬ್ಬರಿಗೂ ಮೂರು ತಿಂಗಳ ಮುನ್ಸೂಚನೆ ಎಂಬ ಒಂದು ಸಾಲನ್ನು ಸೇರಿಸಲು ಕೇಳಿ. ಒಪ್ಪುವವರಾದರೆ ಒಳ್ಳೆಯ ಜನ ಎಂದೂ ತಿಳಿದುಕೊಳ್ಳಬಹುದು.

ಶುಲ್ಕದ ಬಗ್ಗೆ ವಾದಿಸಬೇಡಿ. ಅದು ರುಂಡ್‌ಫುಂಕ್‌ಬೈಟ್ರಾಗ್, ಸಾರ್ವಜನಿಕ ಪ್ರಸಾರಕ್ಕೆ ಪ್ರತಿ ಮನೆಯೂ ಕೊಡಬೇಕಾದ ತಿಂಗಳಿಗೆ 18.36 ಯೂರೋ, ಸಾಧನ ಇದ್ದರೂ ಇಲ್ಲದಿದ್ದರೂ ಕೊಡಬೇಕು. ತಲೆಗೆ ಅಲ್ಲ, ಮನೆಗೆ ಒಂದು. ಹಾಗಾಗಿ ನಿಮ್ಮ ಪಾಲು ಆರು ಯೂರೋ ಚಿಲ್ಲರೆ. ನೋಂದಣಿಯಾದ ಕೆಲವೇ ವಾರಗಳಲ್ಲಿ ನಿಮ್ಮ ಹೆಸರಿಗೂ ಬೇಡಿಕೆಯ ಪತ್ರ ಬರುತ್ತದೆ, ಆಗ ಆ ಮನೆಯಿಂದ ಈಗಾಗಲೇ ಯಾರು ಕಟ್ಟುತ್ತಿದ್ದಾರೋ ಅವರ ಶುಲ್ಕ ಖಾತೆಯ ಸಂಖ್ಯೆಯನ್ನು ಬರೆದು ಉತ್ತರಿಸಿ. ಸುಮ್ಮನಿದ್ದರೆ ಬಾಕಿ ಬೆಳೆಯುತ್ತದೆ.

ಕೀಲಿ ಪಡೆಯುವ ದಿನ ಗೋಡೆಯ ಗೀರು, ಮೇಜಿನ ಕಲೆ ಎಲ್ಲವನ್ನೂ ಬರೆದು ಇಬ್ಬರೂ ಸಹಿ ಮಾಡಿದ ಹಸ್ತಾಂತರ ಪತ್ರ ಇಟ್ಟುಕೊಳ್ಳಿ, ಫೋಟೋಗಳನ್ನೂ ತೆಗೆದುಕೊಳ್ಳಿ. ಅಂದೇ ಟಪಾಲು ಪೆಟ್ಟಿಗೆಯ ಮೇಲೆ ನಿಮ್ಮ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅಂಟಿಸಿ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವರು ಪತ್ರವನ್ನು ಹಿಂದಕ್ಕೆ ಒಯ್ಯುತ್ತಾರೆ, ತೆರಿಗೆ ಸಂಖ್ಯೆಯಿಂದ ಹಿಡಿದು ಬ್ಯಾಂಕ್ ಕಾರ್ಡಿನವರೆಗೆ ಎಲ್ಲವೂ ನಿಮಗೆ ಬರುವುದು ಅಂಚೆಯಲ್ಲಿಯೇ.