ಇಸುಬಿಗೆ ಬಯೋಲಾಜಿಕ್ ಚುಚ್ಚುಮದ್ದು: ವರ್ಷಗಟ್ಟಲೆ ತೆಗೆದುಕೊಂಡವರು ಇದ್ದೀರಾ?

ಪ್ರಶ್ನೆ (ಚಿತ್ರದುರ್ಗ): ತಮ್ಮನಿಗೆ 24 ವರ್ಷ, ಕೈಗೂಸಾಗಿದ್ದಾಗಿನಿಂದ ಇಸುಬು. ಮುಲಾಮು, ಸ್ಟೀರಾಯ್ಡ್ ಮಾತ್ರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಎಲ್ಲವೂ ಆಯಿತು. ಈಗ ಚರ್ಮವೈದ್ಯರು ಡುಪಿಲುಮಾಬ್ ಎಂಬ ಬಯೋಲಾಜಿಕ್ (ಜೀವಕೋಶಗಳಲ್ಲಿ ತಯಾರಿಸುವ ಪ್ರೋಟೀನ್ ಔಷಧ) ಎನ್ನುತ್ತಿದ್ದಾರೆ. ಒಮ್ಮೆ ಶುರುಮಾಡಿದರೆ ಬಿಡುವ ಹಾಗಿಲ್ಲ ಎಂದು ಅಮ್ಮ ಹೆದರಿದ್ದಾರೆ. ಅನುಭವ ಇದ್ದವರು ಹೇಳಿ.

ಶಿಕ್ಷಕಿ, ದಾವಣಗೆರೆ: ನನಗೆ ನಾಲ್ಕನೇ ವರ್ಷ ನಡೆಯುತ್ತಿದೆ. ಮೊದಲ ದಿನ 300 ಮಿಲಿಗ್ರಾಮಿನ ಎರಡು ಚುಚ್ಚುಮದ್ದು, ಆಮೇಲೆ ಎರಡು ವಾರಕ್ಕೊಂದು. ಮೊದಲು ಹೋದದ್ದು ಕಲೆಯಲ್ಲ, ನವೆ. ಮೂರನೇ ವಾರ ಒಂದು ಬೆಳಗ್ಗೆ ಹಾಸಿಗೆಯ ಮೇಲೆ ರಕ್ತದ ಕಲೆ ಇರಲಿಲ್ಲ. ಚರ್ಮ ಹಿಂದಿನ ದಿನದಂತೆಯೇ ಇತ್ತು, ಆದರೆ ನಾನು ರಾತ್ರಿಯಿಡೀ ನಿದ್ದೆ ಮಾಡಿದ್ದೆ. ಮೊಣಕೈ ಮಡಿಕೆಯ ದಪ್ಪ ಚರ್ಮ ಮೆತ್ತಗಾಗಲು ನಾಲ್ಕು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ‘ಇಷ್ಟು ದುಡ್ಡು ಸುರಿದು ಏನು ಬಂತು’ ಎಂದು ಕೇಳಿದವರಿಗೆ ಲೆಕ್ಕವಿಲ್ಲ.

ಎರಡನೇ ತಿಂಗಳು ಕಣ್ಣು ಕೆಂಪಾಯಿತು. ‘ಮಿಸ್, ಅತ್ತಿದ್ದೀರಾ?’ ಎಂದು ಮಕ್ಕಳು ಕೇಳುತ್ತಿದ್ದರು. ಈ ಔಷಧದಲ್ಲಿ ಅದು ಸಾಮಾನ್ಯ. ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿದೆ, ಹನಿಗಳಲ್ಲಿ ಹತೋಟಿಗೆ ಬಂತು.

ಬಿಡುವ ಹಾಗಿಲ್ಲ ಎಂಬ ಮಾತು ಅರ್ಧ ನಿಜ. ಇದು ಚಟ ಹಿಡಿಸುವುದಿಲ್ಲ, ರೋಗದ ಬೇರನ್ನು ಕೀಳುವುದೂ ಇಲ್ಲ. ಉರಿಯೂತ ಹಬ್ಬಿಸುವ ಇಂಟರ್‌ಲ್ಯೂಕಿನ್ 4 ಮತ್ತು 13 ಎಂಬ ಪ್ರೋಟೀನುಗಳ ಸಂದೇಶ ಜೀವಕೋಶಕ್ಕೆ ತಲುಪದಂತೆ ತಡೆಯುತ್ತದೆ, ಅಷ್ಟೇ. ಅಪ್ಪನ ಶಸ್ತ್ರಚಿಕಿತ್ಸೆಯ ವರ್ಷ ಹಣ ಸಾಲದೆ ನಿಲ್ಲಿಸಿದೆ. ಮೂರನೇ ತಿಂಗಳಿಗೆ ಕುತ್ತಿಗೆಯಲ್ಲಿ ನವೆ ಮರಳಿತು. ನನ್ನ ವಿಮೆ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತದೆ; ಈ ಸೂಜಿಗೆ ಯಾರು ದಾಖಲಿಸಿಕೊಳ್ಳುತ್ತಾರೆ? ಈಗ ವೈದ್ಯರ ಒಪ್ಪಿಗೆಯಿಂದಲೇ ಮೂರು ವಾರಕ್ಕೊಮ್ಮೆ ಹಾಕಿಕೊಳ್ಳುತ್ತಿದ್ದೇನೆ. ಕನಿಷ್ಠ ಒಂದು ವರ್ಷದ ಹಣದ ದಾರಿ ನೋಡಿಕೊಂಡೇ ಮೊದಲ ಸೂಜಿ ಹಾಕಿಸಿ.

ಫ್ರಿಜ್ ವಿಷಯ ಮರೆಯಬೇಡಿ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. 25 ಡಿಗ್ರಿ ಮೀರದಿದ್ದರೆ 14 ದಿನ ಹೊರಗಿಡಬಹುದಂತೆ. ಏಪ್ರಿಲ್‌ನ ದಾವಣಗೆರೆಯಲ್ಲಿ ಅಂಥ ಕೋಣೆ ಯಾರ ಮನೆಯಲ್ಲಿದೆ! ಒಮ್ಮೆ ಬೆಂಗಳೂರಿನಿಂದ ಬಸ್ಸಿನಲ್ಲಿ ತರುವಾಗ ಐಸ್ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಚುಚ್ಚುವ ಮುಕ್ಕಾಲು ಗಂಟೆ ಮೊದಲು ಹೊರಗೆ ತೆಗೆದಿಡಿ, ತಣ್ಣಗಿದ್ದರೆ ಉರಿ ಹೆಚ್ಚು.

ರೈತ, ಹಿರಿಯೂರು: ನನ್ನದನ್ನೂ ಮೂರು ವರ್ಷ ಇಸುಬು ಎಂದೇ ನೋಡಿದರು. ಮುಖ, ರೆಪ್ಪೆ, ಕುತ್ತಿಗೆ, ಅಂಗಿಯಿಂದ ಹೊರಗಿದ್ದ ಜಾಗವೆಲ್ಲ ಸುಲಿದು ಹೋಗುತ್ತಿತ್ತು. ಕೊನೆಗೆ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಪರೀಕ್ಷೆ ಮಾಡಿದಾಗ ಗೊತ್ತಾಯಿತು: ಪಾರ್ಥೇನಿಯಂ. ನಮ್ಮ ಬದುವಿನ ತುಂಬ ಇರುವ ಅದೇ ಕಾಂಗ್ರೆಸ್ ಗಿಡ! ನನಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಮಾತ್ರೆಯಲ್ಲೇ ಹತೋಟಿಗೆ ಬಂತು. ನಿಮ್ಮ ತಮ್ಮನದು ಬಾಲ್ಯದ್ದು, ಬೇರೆಯೇ ಇರಬಹುದು. ಆದರೆ ಒಬ್ಬರಿಗೇ ಎರಡೂ ಇರುವುದುಂಟು. ದೊಡ್ಡ ಖರ್ಚಿಗೆ ಮೊದಲು ಆ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ.

ಹರಿಹರದಿಂದ: ಟೋಫಾಸಿಟಿನಿಬ್ ಎಂಬ, ಇದೂ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಅಗ್ಗ, ನನಗೆ ವಾರದೊಳಗೆ ನವೆ ಇಳಿಯಿತು. ಆದರೆ ಮೊದಲೇ ಕ್ಷಯದ ಪರೀಕ್ಷೆ, ಆಮೇಲೆ ಪದೇ ಪದೇ ರಕ್ತಪರೀಕ್ಷೆ. ಅಂಗಡಿಯಲ್ಲಿ ನೀವೇ ಕೊಂಡು ನುಂಗುವ ಮಾತ್ರೆ ಅದಲ್ಲ.

ಶಿಕ್ಷಕಿ, ದಾವಣಗೆರೆ: ಇನ್ನೆರಡು ಮಾತು. ಹೊಟ್ಟೆಹುಳುವಿನ ತೊಂದರೆ ಇದ್ದರೆ ಮೊದಲೇ ಚಿಕಿತ್ಸೆ ಆಗಬೇಕು. ಯಾವ ಲಸಿಕೆಗೂ ಮುನ್ನ ವೈದ್ಯರಿಗೆ ತಿಳಿಸಿ, ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವುದು) ಈ ಔಷಧದ ಜೊತೆ ಬೇಡ. ಸ್ನಾನವಾದ ಕೂಡಲೇ ಹಚ್ಚುವ ಎಣ್ಣೆ, ಕ್ರೀಮು ಬಿಡಬೇಡಿ. ನಾನು ಬಿಟ್ಟು ನೋಡಿದ್ದೇನೆ.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ‘ಕರೆಂಟ್ ಹೋದರೆ ಆ ಔಷಧದ ಗತಿ ಏನು?’ ಎನ್ನುವುದು ಈಗಿನ ಹೊಸ ಚಿಂತೆ.